ಎಡಕ್ಕೆ ಬಾಗಿದ ಗೀಟು

ನವೆಂಬರ್ 4, ಮಂಗಳವಾರ. ಬೆಳಗ್ಗೆ ಹತ್ತು.

ಹಳೆಯ ಎಣ್ಣೆ ಒರೆಸಿದೆ. ಪುಡಿ ತಟ್ಟಿ ಮತ್ತೆ ಒರೆಸಿದೆ. ಮೂರನೇ ಕಾಗದಕ್ಕೆ ಉಕ್ಕು ಮುಖ ತೋರಿಸಿತು.

ವಿಚಿತ್ರ ಬಾಕು. ಮೊನೆಯೇ ಇಲ್ಲ. ಕುಡುಗೋಲಿನ ಹಾಗೆ ಬಾಗಿದೆ, ಹರಿತ ಒಳಮಗ್ಗುಲಿಗೆ. ತಲೆ ಕತ್ತರಿಸುವ ಬಾಕು ಎನ್ನುತ್ತಾರೆ ಜನ. ಔಷಧದ ಬೇರು ಕೊಯ್ಯಲು ಮಾಡಿದ್ದು ಎನ್ನುತ್ತಿದ್ದರು ಅಪ್ಪ. ನಿಜ ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷದಲ್ಲಿ ಕೈಗೆ ಬಂದ ಮೂರನೆಯದು. ಮೊದಲಿನ ಎರಡೂ ಖೋಟಾ.

ತಂದವರು ಒಗುಶಿ. ಉರೆಶಿನೊದಲ್ಲಿ ಚಹಾ ಬೆಳೆಯುವವರು, ಎಪ್ಪತ್ತಾರು ವಯಸ್ಸು. ಟವೆಲಿನಲ್ಲಿ ಸುತ್ತಿ ತಂದಿದ್ದರು!

"ಖೋಟಾ ಆದ್ರೆ ಮುಲಾಜಿಲ್ದೆ ಹೇಳ್ಬಿಡಿ ಸೆನ್ಸೇ. ಚಹಾ ಗಿಡ ಸವರೋಕೆ ಇಟ್ಕೊತೀನಿ."

ನಕ್ಕರು. ಆದರೆ ಟವೆಲನ್ನು ಬಿಚ್ಚಿ ಎರಡೆರಡು ಸಲ ಮಡಚಿದರು. ಒಂಬತ್ತು ತಲೆಮಾರಿನಿಂದ ಮನೆಯಲ್ಲಿದೆಯಂತೆ. ಅಸಲಿ ಎಂದು ಹಳೆಯ ಕತ್ತಿ-ಬಾಕು ಪರೀಕ್ಷಿಸುವ ನಮ್ಮ ಸಮಿತಿ ಒಪ್ಪಿದರೆ ವಸಂತದ ಪ್ರದರ್ಶನಕ್ಕೆ. ಸಮಿತಿ ಎಂದರೆ ನಾವು ಮೂವರು. ಉಳಿದಿಬ್ಬರು ನನ್ನ ಬಾಯಿ ನೋಡುತ್ತಾರೆ.

ಹಿಡಿ ಬಿಚ್ಚಿದೆ. ಒಳಗಿನ ಬಾಲದ ಮೇಲೆ ಸಹಿ— ನೊರಿಕಿಯೊ. ನಮ್ಮ ಸಾಗಾದ ಕಮ್ಮಾರನೇ, ಮುನ್ನೂರೈವತ್ತು ವರ್ಷದ ಹಿಂದಿನವನು. ಅವನ ಸಹಿಯ ಉದ್ದಗೀಟು ದಾರ ಇಳಿಬಿಟ್ಟಂತೆ ನೆಟ್ಟಗೆ. ಗುರುತೇ ಅದು.

ಭೂತಗನ್ನಡಿ ಇಟ್ಟು ನೋಡಿದೆ.

ಗೀಟು ನಡುವಿನಲ್ಲಿ ಎಡಕ್ಕೆ ಬಾಗಿದೆ.

ಅದೇ ದಿನ, ಸಂಜೆ.

ಕೊಗಾಗೆ ಫೋನ್ ಮಾಡಿದೆ. ಸಮಿತಿಯ ಹಿರಿಯರು, ಅಪ್ಪನ ಜೊತೆ ಅಂಗಡಿ ಇಟ್ಟವರು. ನನಗೆ ಅರವತ್ತೊಂದಾದರೂ ಅವರ ಬಾಯಲ್ಲಿ ಇನ್ನೂ ಹುಡುಗಿ.

"ಏಪ್ರಿಲ್‌ನಲ್ಲಿ ಕಾರಾತ್ಸುವಿನ ತಾಶಿರೊ ಅವರ ಬಾಕು ಬಂದಿತ್ತಲ್ಲ, ನೆನಪಿದೆಯಾ? ಅದೇ ಸೊಟ್ಟ ಗೀಟು. ಎರಡೂ ಒಬ್ಬನೇ ಮೋಸಗಾರನ ಕೈಚಳಕ."

"ಭಲೇ ಹುಡುಗಿ! ನಿಮ್ಮಪ್ಪ ಇದ್ದಿದ್ರೆ ಇವತ್ತು ಕುಡಿಸ್ತಿದ್ದ ನಂಗೆ."

ಖುಷಿಯಾಯಿತು, ಸುಳ್ಳೇಕೆ. 'ಹೆಂಗಸಿನ ಕಣ್ಣಿಗೆ ಉಕ್ಕು ತಿಳಿಯುತ್ತಾ' ಎಂದು ಒಂದು ಕಾಲದಲ್ಲಿ ಕೇಳಿದವರೇ ಇವರು.

ನವೆಂಬರ್ 5, ಬುಧವಾರ. ಮಧ್ಯಾಹ್ನ.

ವರದಿಗೆ ಚಿತ್ರ ಬರೆಯಲು ಕೂತೆ. ಬೆಳಕು ಸಾಲದೆ ಬಾಕುವನ್ನು ತಿರುಗಿಸಿ ಇಟ್ಟೆ, ಸಹಿ ತಲೆಕೆಳಗಾಗಿ. ಭೂತಗನ್ನಡಿ ಇಟ್ಟೆ.

ಗೀಟು ಎಡಕ್ಕೇ ಬಾಗಿದೆ.

ತಲೆಕೆಳಗಾದ ಮೇಲೆ ಬಲಕ್ಕೆ ಬಾಗಬೇಕಲ್ಲ...

ಮತ್ತೆ ತಿರುಗಿಸಿದೆ. ಎಡ. ಮತ್ತೆ. ಎಡ. ಅಡ್ಡ ಇಟ್ಟರೂ ಒಂದು ಕಡೆ ಗುಳಿ. ಐದು ಸಲ, ಆರು ಸಲ. ಕಂಕುಳು ಬೆವರಿತು. ಹೊರಗೆ ಹದಿನೈದು ಡಿಗ್ರಿ.

ಬಾಗಿದ್ದು ಉಕ್ಕಿನಲ್ಲಿಲ್ಲ.

ಎದ್ದು ಕಾಗದದ ಬಾಗಿಲ ಮುಂದೆ ನಿಂತೆ. ಮರದ ಚೌಕಗಳು, ಹುಟ್ಟಿದಾಗಿನಿಂದ ನೋಡಿದವು. ಬಲಗಣ್ಣು ಮುಚ್ಚಿದೆ. ನೆಟ್ಟಗಿವೆ. ಎಡಗಣ್ಣು ಮುಚ್ಚಿದೆ— ನೋಡಿದ ಕಡೆಯ ಚೌಕ ಸೊಂಟ ಮುರಿದುಕೊಂಡಿತು. ಬೇರೆ ಚೌಕ ನೋಡಿದೆ. ಅದೂ ಮುರಿಯಿತು, ಮೊದಲಿನದು ಸರಿಯಾಯಿತು.

ಭೂತಗನ್ನಡಿ ನಾನು ಹಿಡಿಯುವುದು ಬಲಗಣ್ಣಿಗೆ. ನಲವತ್ತು ವರ್ಷದಿಂದ.

ಅದೇ ದಿನ, ನಾಲ್ಕು ಗಂಟೆ.

ಎಡಗಣ್ಣಿಗೆ ಭೂತಗನ್ನಡಿ ಹಿಡಿಯಲು ಬರುವುದೇ ಇಲ್ಲ. ಹುಬ್ಬು ಒಪ್ಪದು, ಜಾರುತ್ತದೆ. ಕೊನೆಗೆ ಕಂಡಿತು. ನೆಟ್ಟಗಿದೆ. ದಾರದ ಹಾಗೆ.

ಹಾಗಾದರೆ ತಾಶಿರೊ ಅವರದು?

ಏಪ್ರಿಲ್‌ನಲ್ಲಿ ನಾನು 'ಸಹಿ ಸುಳ್ಳು' ಎಂದು ಬರೆದುಕೊಟ್ಟೆ. ಕಾರಣ ಒಂದೇ, ಬಾಗಿದ ಗೀಟು. ಆ ಹೆಂಗಸು 'ಸುಳ್ಳು ಹೆಸರು ಮನೆಯಲ್ಲಿ ಬೇಡ' ಎಂದು ಅರ ಹಾಕಿಸಿ ಸಹಿಯನ್ನು ಉಜ್ಜಿಸಿಬಿಟ್ಟರು. ಒಳ್ಳೆಯದು ಮಾಡಿದಿರಿ ಎಂದು ನಾನೇ ಕಾರ್ಡ್ ಬರೆದಿದ್ದೆ.

ಉಜ್ಜಿದ ಸಹಿ ಮತ್ತೆ ಬರುವುದಿಲ್ಲ.



ನವೆಂಬರ್ 11, ಮಂಗಳವಾರ.

ಐದು ದಿನ ಬರೆಯಲಿಲ್ಲ. ಇವತ್ತು ಕಣ್ಣಿನ ಆಸ್ಪತ್ರೆ. ಸಾಗಾದಲ್ಲಿ ಬೇಡ, ಯಾರಾದರೂ ನೋಡಿಯಾರು. ಫುಕುಒಕಾಗೆ ರೈಲಿನಲ್ಲಿ ಹೋದೆ, ಕಳ್ಳಿಯ ಹಾಗೆ ಮಾಸ್ಕ್ ಹಾಕಿಕೊಂಡು.

ಡಾಕ್ಟರ್ ಮಗಳ ವಯಸ್ಸಿನವಳು. ಕಣ್ಣಿನ ಹಿಂದಿನ ಪರದೆಯ ಮೇಲೆ ತೆಳು ಪೊರೆ ಬೆಳೆದಿದೆ, ಅದು ಪರದೆಯನ್ನು ಎಳೆದು ಸುಕ್ಕು ಮಾಡಿದೆ ಎಂದು ಚಿತ್ರ ತೋರಿಸಿದಳು.

"ಯಾವಾಗಿಂದ ಇರಬಹುದು?"

"ಇದು ನಿಧಾನಕ್ಕೆ ಬರೋದು. ಒಂದು ವರ್ಷ, ಎರಡು... ಎರಡೂ ಕಣ್ಣು ತೆರೆದಿದ್ರೆ ಚೆನ್ನಾಗಿರೋ ಕಣ್ಣು ಎಲ್ಲಾ ಸರಿ ಮಾಡ್ಕೊಂಡು ಹೋಗುತ್ತೆ. ಒಂದೇ ಕಣ್ಣಲ್ಲಿ ನೋಡೋ ಕೆಲಸ ಏನಾದ್ರೂ ಮಾಡ್ತೀರಾ?"

ಇಲ್ಲ ಎಂದೆ. ಯಾಕೆ ಹಾಗೆಂದೆನೋ.

"ಏಪ್ರಿಲ್ ಆದಮೇಲೆ ಶುರುವಾಗಿರಬಹುದಾ?"

ವಿಚಿತ್ರವಾಗಿ ನೋಡಿದಳು. "ಇಂಥಾ ತಿಂಗಳು ಅಂತ ಹೇಳೋಕಾಗಲ್ಲ ಅಮ್ಮಾ."

ಆಪರೇಷನ್ ಮಾಡಬಹುದು. ಪೂರ್ತಿ ನೆಟ್ಟಗಾಗುವ ಭರವಸೆ ಇಲ್ಲ.

ನವೆಂಬರ್ 14, ಶುಕ್ರವಾರ.

ಬೀರುವಿನ ಮೂರನೇ ಖಾನೆಯಲ್ಲಿ ತಾಶಿರೊ ಬಾಕುವಿನ ಸಹಿಯ ಅಚ್ಚಿದೆ. ಎಲ್ಲ ಸಹಿಗಳ ಮೇಲೂ ತೆಳು ಕಾಗದ ಹಾಸಿ ಮೇಣದ ಮಸಿ ಉಜ್ಜಿ ಅಚ್ಚು ತೆಗೆದಿಡುತ್ತೇನೆ. ಅಚ್ಚು ಕಣ್ಣಿನ ಮಾತು ಕೇಳುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ತೆಗೆದು ನೋಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ.

ತೆಗೆಯಲಿಲ್ಲ.

ನವೆಂಬರ್ 15.

ಇಲ್ಲ.

ನವೆಂಬರ್ 16, ಭಾನುವಾರ. ಮಧ್ಯಾಹ್ನ.

ಬೀರುವಿನ ಪಕ್ಕದಲ್ಲಿ ಹಾದುಹೋಗಲೂ ಹೆದರಿಕೆ. ಅಡುಗೆಮನೆಗೆ ಹಿತ್ತಲಿಂದ ಸುತ್ತಿ ಹೋಗುತ್ತಿದ್ದೇನೆ. ನನ್ನದೇ ಮನೆ!

ನವೆಂಬರ್ 17, ಸೋಮವಾರ. ಬೆಳಗ್ಗೆ ಏಳು.

ಎದ್ದವಳೇ ಮುಖವನ್ನೂ ತೊಳೆಯದೆ ಹೋಗಿ ಖಾನೆ ಎಳೆದೆ. ಅಚ್ಚಿನ ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಎಡಗಣ್ಣು. ಪಕ್ಕಕ್ಕೆ ಸ್ಟೀಲ್ ಅಳತೆಪಟ್ಟಿ.

ಕೂದಲೆಳೆಯಷ್ಟೂ ಬಾಗಿಲ್ಲ.

ಕುಳಿತುಬಿಟ್ಟೆ. ನೆಲ ತಣ್ಣಗಿತ್ತು. ಅಸಲಿ ನೊರಿಕಿಯೊವನ್ನು ನಾನೇ ಅಳಿಸಿ ಹಾಕಿದೆ. ಅವನ ಸಹಿ ಇರುವ ಬಾಕುಗಳು ಲೋಕದಲ್ಲಿ ಉಳಿದಿರುವುದೇ ಹತ್ತೋ ಹನ್ನೊಂದೋ.

ನವೆಂಬರ್ 18, ಮಂಗಳವಾರ.

ಕೊಗಾ ಅವರನ್ನು ಮನೆಗೆ ಕರೆದೆ. ಚಹಾ ಕೊಟ್ಟು ಎಲ್ಲ ಹೇಳಿದೆ. ಅವರು ಅಚ್ಚನ್ನು ನೋಡಿದರು, ಒಗುಶಿಯವರ ಬಾಕುವನ್ನು ನೋಡಿದರು. ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಇನ್ಯಾರಿಗೆ ಗೊತ್ತು?"

"ನಿಮಗೆ ಮಾತ್ರ."

"ಹಾಗಾದ್ರೆ ಕೇಳು. ಈ ಒಗುಶಿ ಬಾಕು ಅಸಲಿ ಅಂದೆ ಅಂದ್ಕೋ, ಪ್ರದರ್ಶನಕ್ಕೆ ಹೋಗುತ್ತೆ. ಯಾರೋ ಒಬ್ಬ ತಲೆಹರಟೆ ಏಪ್ರಿಲ್ ವರದಿ ತೆಗೆದು ಹೋಲಿಸ್ತಾನೆ, ನಿನ್ನ ತಪ್ಪು ಬಯಲಾಗುತ್ತೆ. ಖೋಟಾ ಅಂದ್ರೆ? ಎರಡೂ ಖೋಟಾ. ಯಾರೂ ಕೇಳಲ್ಲ. ಆಮೇಲೆ ಆಪರೇಷನ್ ಮಾಡಿಸ್ಕೊ, ವಯಸ್ಸಾಯ್ತು ಅಂತ ಗೌರವವಾಗಿ ಎದ್ದು ಹೋಗು."

"ಒಗುಶಿಯವರಿಗೆ ಏನು ಹೇಳ್ಲಿ?"

"ಅವನೇ ಹೇಳಿದ್ನಲ್ಲ, ಚಹಾ ಗಿಡ ಸವರ್ತೀನಿ ಅಂತ."

ಕೊಗಾ ತಮಾಷೆಗೆ ಹೇಳಿದ್ದಲ್ಲ. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು, ಅದೇ ಭಯ. ಅದಕ್ಕಿಂತ ದೊಡ್ಡ ಭಯ— ಕೇಳುವಾಗ ಎದೆ ಹಗುರಾಯಿತು. ಹೂಂ ಎನ್ನಲು ಬಾಯಿ ತೆರೆದಿದ್ದೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಂದರು: "ಇಪ್ಪತ್ತೆಂಟಕ್ಕೆ ಸಭೆ. ನಾನಂತೂ ನೀನು ಹೇಳಿದ್ದಕ್ಕೆ ಕೈ ಎತ್ತೋನು. ಯಾವುದಕ್ಕಾದ್ರೂ."

ನವೆಂಬರ್ 24, ಸೋಮವಾರ.

ಈ ಒಂದು ವಾರ ಎಡಗಣ್ಣಿಗೆ ಪಾಠ. ಬಾಕುವನ್ನು ದೀಪಕ್ಕೆ ಓರೆ ಹಿಡಿದು ಹದದ ಗೆರೆಯನ್ನು ಬುಡದಿಂದ ತುದಿಯವರೆಗೆ ನೋಡಿದೆ. ಕಾಯಿಸಿ ನೀರಿಗಿಳಿಸಿದ ಉಕ್ಕಿನಲ್ಲಿ ಮಾತ್ರ ಕಾಣುವ ಹರಳುಗಳು, ಇಬ್ಬನಿ ಕೂತ ಹಾಗೆ. ಆಸಿಡ್ ಹಚ್ಚಿ ಬರಿಸಿದ ಗೆರೆ ಸುಣ್ಣ ಬಳಿದಂತೆ ಸತ್ತಿರುತ್ತದೆ. ಇದು ಜೀವಂತ. ಬಾಲದ ತುಕ್ಕು ಒಳಗಿನಿಂದ ಬಂದ ಕಪ್ಪು, ಮೇಲೆ ಬಳಿದದ್ದಲ್ಲ. ಸಹಿಯ ಅಂಚು ಆ ತುಕ್ಕಿನೊಳಗೇ ಮುಳುಗಿದೆ.

ಅಸಲಿ.

ನಿನ್ನೆ ಮತ್ತೆ ಅನುಮಾನ— ಅಸಲಿ ಅನಿಸುತ್ತಿರುವುದು ಉಕ್ಕಿಗೋ, ನನ್ನ ಪಾಪಪ್ರಜ್ಞೆಗೋ? ಇವತ್ತು ಇನ್ನೊಮ್ಮೆ ಮೊದಲಿನಿಂದ ನೋಡಿದೆ. ಅಸಲಿಯೇ.

ಆದರೆ ನನ್ನ ಮಾತು ಯಾರಿಗೆ ಬೇಕು ಇನ್ನು?

ನವೆಂಬರ್ 28, ಶುಕ್ರವಾರ. ಸಂಜೆ.

ಹೇಳಿದೆ. ಮೊದಲು ಕಣ್ಣಿನ ವಿಷಯ, ಆಮೇಲೆ ಏಪ್ರಿಲ್, ಆಮೇಲೆ ಬಾಕು. ನನ್ನ ಕಣ್ಣು ನಂಬಬೇಡಿ, ನೀವೇ ನೋಡಿ ಎಂದು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟೆ.

ಮೂರನೆಯವರು, ಕಾಲೇಜಿನ ಮೇಷ್ಟ್ರು, ಒಂದು ಗಂಟೆ ನೋಡಿದರು. ಒಪ್ಪಿದರು. ಕೊಗಾ ಕೈ ಎತ್ತಿದರು, ನನ್ನ ಮುಖ ನೋಡಲಿಲ್ಲ.

ಒಗುಶಿಗೆ ಫೋನ್ ಮಾಡಿ ಅಸಲಿ ಎಂದೆ. "ಸೆನ್ಸೇ, ಟವೆಲಲ್ಲಿ ಸುತ್ಕೊಂಡು ಬಂದ್ನಲ್ಲ ನಾನು... ಅಪ್ಪ ನೋಡಿದ್ರೆ ಕೆನ್ನೆಗೆ ಬಿಡ್ತಿದ್ದ."

ಅತ್ತರು ಅನಿಸುತ್ತದೆ.

ಸಮಿತಿಗೆ ರಾಜೀನಾಮೆ ಬರೆದುಕೊಟ್ಟೆ.

ಡಿಸೆಂಬರ್ 3, ಬುಧವಾರ.

ಕಾರಾತ್ಸು. ಎರಡು ಬಸ್ ಬಿಟ್ಟು ಮೂರನೆಯದು ಹತ್ತಿದೆ.

ತಾಶಿರೊ ನೊಬುಕೊ ಬಾಗಿಲು ತೆರೆದರು. ನನ್ನ ವಯಸ್ಸೇ. ಗಂಡ ಶಾಲೆಯ ಮೇಷ್ಟ್ರಾಗಿದ್ದವರು, ತೀರಿ ಮೂರು ವರ್ಷ. ಹೊಸ್ತಿಲಲ್ಲೇ ಮಂಡಿಯೂರಿ ಹೇಳಿಬಿಟ್ಟೆ. ಅಚ್ಚಿನ ಕಾಗದ ಮುಂದಿಟ್ಟೆ.

ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನಮ್ಮ ಯಜಮಾನ್ರು ಸುಳ್ಳು ಹೇಳಿರ್ಲಿಲ್ಲ."

"ಇಲ್ಲ."

"ಮದುವೆ ಆದ ವರ್ಷಾನೇ ಹೇಳಿದ್ರು, ಇದು ನಮ್ಮಜ್ಜನಿಗೆ ಬಂದ ನೊರಿಕಿಯೊ ಅಂತ. ನೀವು ಸುಳ್ಳು ಅಂದ್ಮೇಲೆ... ಇಷ್ಟು ವರ್ಷ ನನ್ನ ಯಾಮಾರಿಸಿದ್ರಲ್ಲ ಅಂತ ಸಿಟ್ಟು. ದಿನಾ ಅವರ ಫೋಟೋ ಮುಂದೆ ಅನ್ನ ಇಡ್ತೀನಿ. ಏಳು ತಿಂಗಳಾಯ್ತು, ಒಂದು ಮಾತು ಆಡ್ಸಿಲ್ಲ."

ಎದ್ದು ಒಳಗೆ ನಡೆದರು. ಹಿಂದೆ ಹೋದೆ. ಗಂಡನ ಫೋಟೋ ಇಟ್ಟ ಪೂಜಾಪೀಠದ ಪುಟ್ಟ ಬಾಗಿಲು ತೆರೆದು ಪಕ್ಕಕ್ಕೆ ಸರಿದರು.

"ನನಗಲ್ಲ. ಅವರಿಗೆ ಹೇಳಿ."

ಫೋಟೋಗೆ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಆಕೆ ಕೇಳುತ್ತ ಕೂತಿದ್ದರು. ಕ್ಷಮಿಸಿದೆ ಎನ್ನಲಿಲ್ಲ, ಚಹಾ ಕೊಡಲಿಲ್ಲ. ಅಚ್ಚಿನ ಕಾಗದವನ್ನು ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡು ಫೋಟೋ ಪಕ್ಕಕ್ಕೆ ಒರಗಿಸಿದರು.

ನಾನು ಹೊರಟಾಗ ಒಳಗಿನಿಂದ ಅವರ ಧ್ವನಿ ಕೇಳುತ್ತಿತ್ತು. ಮೆಲ್ಲಗೆ, ಬಿಡದೆ ಮಾತಾಡುತ್ತಿದ್ದರು.

ಡಿಸೆಂಬರ್ 9, ಮಂಗಳವಾರ. ಬೆಳಗ್ಗೆ.

ಕಳೆದ ಎರಡು ವರ್ಷದಲ್ಲಿ ನಾನು 'ಸುಳ್ಳು' ಎಂದು ಬರೆದುಕೊಟ್ಟ ಎಲ್ಲರಿಗೂ ಪತ್ರ ಹಾಕಿದ್ದೇನೆ. ಬೇರೆಯವರಿಗೆ ಮತ್ತೆ ತೋರಿಸಿ, ನನ್ನ ಕಣ್ಣು ಸರಿಯಿರಲಿಲ್ಲ, ಅಲ್ಲಿಯವರೆಗೆ ಯಾವುದಕ್ಕೂ ಅರ ಮುಟ್ಟಿಸಬೇಡಿ ಎಂದು. ಹತ್ತೊಂಬತ್ತು ಪತ್ರ. ಹೆಚ್ಚಿನವರು ಇಟ್ಟುಕೊಂಡಿರುತ್ತಾರೆ, ಹಾಗೇ ಡಬ್ಬಿಯಲ್ಲಿ. ಇರಲೇಬೇಕು.

ಆಪರೇಷನ್ ಜನವರಿಯಲ್ಲಿ. ಅದರ ಭಯ ಇಲ್ಲ. ಫೋನಿನ ಭಯ.

ಹತ್ತೂವರೆ.

ಇಮಾರಿಯಿಂದ ಒಬ್ಬರು. ಹೋದ ಫೆಬ್ರವರಿಯಲ್ಲಿ ಬಂದಿದ್ದವರು, ಅಜ್ಜಿಯ ಬಾಕು. ಧ್ವನಿ ಮೆತ್ತಗಿತ್ತು. "ಸೆನ್ಸೇ, ನಿಮ್ಮ ಪತ್ರ ಈಗ ತಾನೇ ಬಂತು. ಆದ್ರೆ ನಾವು ಆ ಸಹೀನ ಆವಾಗ್ಲೇ ಅರ ಹಾಕಿಸಿ—"