ಸತ್ತವರ ಪಾಲಿನ ಚಂದ್ರಿಕೆ

ಬೈಯಪ್ಪನಕುಂಟೆ, ಕೆರೆ ಏರಿಯ ಮನೆ
ಕ್ರಿ.ಶ. ೨೧೭೩, ಒಳಮಾಸದ ಒಂಬತ್ತನೇ ದಿನ

ಮುನಿರತ್ನಮ್ಮಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮರಿಮೊಮ್ಮಗಳಾದ ಮುನಿಹೊನ್ನಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮ್ಮಲ್ಲಿ ಏಪ್ರಿಲ್‌ಗೂ ಮೇಗೂ ನಡುವೆ ಇನ್ನೊಂದು ತಿಂಗಳಿದೆ. ಬಿಸಿಲಿಗೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಳಗೆ ಕೂರುವ ಕಾಲವಾದ್ದರಿಂದ ಅದಕ್ಕೆ ಒಳಮಾಸ ಎಂದು ಹೆಸರು. ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಇದನ್ನು ಹೊಲಿದಿದ್ದಾರೆ. ನನ್ನ ಮಾತಿನಲ್ಲಿ ಇಂಥ ವಿಚಿತ್ರ ಪದಗಳು ಇನ್ನೂ ಬರುತ್ತವೆ, ಮನ್ನಿಸಬೇಕು. ನೀವು ಈ ಓಲೆ ಓದುವಾಗ ನಿಮಗೆ ನಲವತ್ತಾರು, ನನಗೆ ಬರೆಯುವಾಗ ಅರವತ್ತೊಂದು. ನನಗಿಂತ ಚಿಕ್ಕವರನ್ನು ಅಜ್ಜಿ ಎಂದು ಕರೆಯುವುದು ನನಗೂ ನಗು ತರಿಸುತ್ತದೆ, ಆದರೆ ಹೆಸರು ಹಿಡಿದು ಕರೆದರೆ ನಮ್ಮಮ್ಮ ಎಲ್ಲಿದ್ದರೂ ಎದ್ದು ಬಂದು ತಲೆಗೆ ಮೊಟಕುತ್ತಾಳೆ.

ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಅಜ್ಜಿ, ನಾವು ಗೆದ್ದೆವು. ನಿಮ್ಮ ತಮ್ಮ ಆಂಜಿನಪ್ಪ ತಾತ ಯಾರನ್ನೂ ಕೊಲ್ಲಲಿಲ್ಲ ಎಂದು ಮರುನೋಟದ ಮನೆ ತೀರ್ಪು ಕೊಟ್ಟು ಇವತ್ತಿಗೆ ಒಂದು ವಾರ. ಇತ್ಯರ್ಥವಾಗದ ಪ್ರತಿಯೊಂದು ಕೊಲೆಯನ್ನೂ ತಲೆಮಾರಿಗೊಮ್ಮೆ ಹೊಸದಾಗಿ ತೆಗೆದು ನೋಡಲೇಬೇಕು ಎಂಬ ಕಾನೂನು ನಮ್ಮಲ್ಲಿದೆ, ಹಾಗೆ ನೋಡುವ ನ್ಯಾಯಾಲಯವೇ ಮರುನೋಟದ ಮನೆ. ಕೇಸು ಮುಗಿದ ಮೇಲೆ ಅದರ ಭಾರ ಹೊತ್ತವರಿಗೆ ಒಂದು ಹಿಂದೋಲೆ ಬರೆದು, ಅವರು ಬಾಳಿದ ಜಾಗದಲ್ಲಿ ನಿಂತು ಗಟ್ಟಿಯಾಗಿ ಓದಬೇಕು. ಹಿಂದೋಲೆ ಹಿಂದಿನವರಿಗೆ ಮುಟ್ಟುತ್ತದೆಯೇ ಎಂದು ಕೇಳಿದರೆ ಅಧಿಕಾರಿಗಳು ಮುಂದಿನ ಕೇಸಿನ ಕಡತ ಬಿಚ್ಚುತ್ತಾರೆ. ಶಾಸ್ತ್ರಕ್ಕೆ ಎಂದು ಎಷ್ಟೋ ಜನ ನಾಲ್ಕು ಸಾಲು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ನಾನು ಮಾತ್ರ ಮುಟ್ಟುತ್ತದೆ ಎಂದೇ ಬರೆಯುತ್ತಿದ್ದೇನೆ, ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಊರು ಈಗ ಹೇಗಿದೆ ಎಂದು ತಿಳಿಯುವ ಆಸೆ ನಿಮಗಿರುತ್ತದೆ. ನೀವು ಕ್ರಿಕೆಟ್ ಆಡುವ ಹುಡುಗರನ್ನು ಓಡಿಸುತ್ತಿದ್ದ ಬಯಲು ಇದೆಯಲ್ಲ, ಅದು ಮತ್ತೆ ಕೆರೆಯಾಗಿದೆ. ತುಂಬಿದೆ, ಕೋಡಿ ಹರಿಯುತ್ತದೆ, ಅದರ ನೀರನ್ನೇ ಕುಡಿಯುತ್ತೇವೆ. ಕೊಳವೆ ಬಾವಿ ಕೊರೆಯುವುದು ನನ್ನ ಅಜ್ಜಿಯ ಕಾಲದಲ್ಲೇ ನಿಂತುಹೋಯಿತು. ಶಾಲೆಯ ಪಕ್ಕದಲ್ಲಿ ಒಂದನ್ನು ಮಕ್ಕಳಿಗೆ ತೋರಿಸಲೆಂದು ಉಳಿಸಿ ಸುತ್ತ ಬೇಲಿ ಹಾಕಿದ್ದಾರೆ, ಮಕ್ಕಳು ಅದರೊಳಗೆ ಕಲ್ಲು ಹಾಕಿ ಸದ್ದು ಬರುವವರೆಗೂ ಉಸಿರು ಹಿಡಿದು ಕಾಯುತ್ತವೆ. ಹಿಪ್ಪುನೇರಳೆ ಈಗ ರಸ್ತೆಯ ಎರಡೂ ಬದಿಗೆ ಮರವಾಗಿ ಬೆಳೆದಿದೆ, ಅದರ ನೆರಳಿಲ್ಲದೆ ನಡೆಯುವಂತಿಲ್ಲ. ಹಣ್ಣು ತಿಂದು ಮಕ್ಕಳ ಬಾಯೆಲ್ಲ ನೇರಳೆ. ರೇಷ್ಮೆ ಹುಳು ಸಾಕುವವರೂ ಇದ್ದಾರೆ, ಆದರೆ ಸೀರೆಗೆಂದು ಅಲ್ಲ, ಗಾಯ ಹೊಲಿಯುವ ನೂಲಿಗೆ. ಗೂಡನ್ನು ಬೇಯಿಸುವುದಿಲ್ಲ, ಚಿಟ್ಟೆ ಹೊರಬರುವವರೆಗೂ ಕಾಯುತ್ತಾರೆ. ನೀವು ಕಂಡಿದ್ದರೆ ಎಂಥಾ ಸೋಮಾರಿಗಳು ಎನ್ನುತ್ತಿದ್ದಿರಿ. ರಾಗಿ ಮುದ್ದೆ, ಬಸ್ಸಾರು ಮಾತ್ರ ಹಾಗೆಯೇ ಇದೆ.

ಚೌಡಪ್ಪನವರ ಹುಳುವಿನ ಮನೆಯಲ್ಲಿ ಆ ಬೆಳಗ್ಗೆ ನಡೆದದ್ದು ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಹಿಂದೋಲೆಯಲ್ಲಿ ನಡೆದದ್ದನ್ನು ಹೇಳಲೇಬೇಕೆಂಬ ನಿಯಮವಿದೆ. ಹುಳು ಹಣ್ಣಾಗಿ ನೂಲು ಬಿಡಲು ಕಾದಿತ್ತು. ಹುಳು ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಬಿಡುವಿಲ್ಲ, ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೆಳಕು ಹರಿಯುವ ಮುಂಚೆಯೇ ಚೌಡಪ್ಪ, ಹೆಂಡತಿ ಲಕ್ಷ್ಮೀದೇವಮ್ಮ, ಮಗ ರಘು, ಚೌಡಪ್ಪನ ತಾಯಿ ದ್ಯಾವಮ್ಮ, ನಾಲ್ವರೂ ಕಾಫಿ ಕುಡಿದು ಒಳಗೆ ಹೋದರು. ಹುಳುವಿನ ತಟ್ಟೆ ಜೋಡಿಸುವ ಕಬ್ಬಿಣದ ಸ್ಟ್ಯಾಂಡಿಗೆ ಯಾರೋ ಮೋಟಾರಿನ ಕರೆಂಟು ಎಳೆದು ಕಟ್ಟಿದ್ದರು. ಒಬ್ಬರನ್ನು ಬಿಡಿಸಲು ಇನ್ನೊಬ್ಬರು ಕೈ ಹಾಕಿ ನಾಲ್ವರೂ ಹೋದರು. ಕೂಗು ಕೇಳಿ ಪಕ್ಕದ ಮನೆಯಿಂದ ಮೊದಲು ಓಡಿದವರು ನೀವು ಅಕ್ಕ ತಮ್ಮ. ಆಂಜಿನಪ್ಪ ತಾತ ಮೋಟಾರು ರಿಪೇರಿಯವರು, ಮೊದಲು ಫ್ಯೂಸು ಕಿತ್ತರು, ಆಮೇಲೆ ಬರಿಗೈಯಲ್ಲಿ ಆ ವೈರನ್ನು ಹಿಡಿದು ಎಳೆದು ಬಿಸಾಕಿದರು. ನಾಲ್ವರ ಎದೆ ಒತ್ತಿ ಒತ್ತಿ ನೋಡಿ, ಆಗದೆ, ಅಲ್ಲೇ ಕುಸಿದು ಕೂತರು.

ಪೊಲೀಸರು ಪಟ್ಟಣದಿಂದ ಬರಬೇಕಿತ್ತು. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿದಿರಿ. ಆ ಕೆಲಸವನ್ನು ಇಡೀ ಭೂಮಿಯ ಮೇಲೆ ನಮ್ಮ ಕಡೆಯ ಹೆಂಗಸರನ್ನು ಬಿಟ್ಟು ಬೇರಾರೂ ಮಾಡುತ್ತಿರಲಿಲ್ಲ. ಶವಗಳನ್ನು ಅಂಗಳಕ್ಕೆ ತಂದು ಮಲಗಿಸಿದ ಮೇಲೆ, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಗೋಡೆ ಹತ್ತುತ್ತಿದ್ದ ಹುಳುಗಳನ್ನೆಲ್ಲ ಆರಿಸಿ ಚಂದ್ರಿಕೆಗೆ ಬಿಟ್ಟಿರಿ. ಬಂದ ಸಾಹೇಬರು ಕೆಂಡಾಮಂಡಲವಾದರು. ನೀವು ಅವರಿಗೆ ಹೇಳಿದ ಮಾತು ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದಿದೆ: “ಜನ ಹೋದ್ರು ಸಾಮಿ, ಹುಳ ಏನ್ ಪಾಪ ಮಾಡಿತ್ತು? ಲಕ್ಷ್ಮೀದೇವಿ ತಿಂಗ್ಳಿಂದ ಮಗೀನಂಗೆ ಸಾಕವ್ಳೆ. ನೂಲು ಬಿಡೋ ಹೊತ್ನಾಗೆ ಕೈಬಿಡಾಕಾಯ್ತದಾ?”

ಧರ್ಮಕ್ಕೆ ಹೋದರೆ ಕರ್ಮ ಸುತ್ತಿಕೊಂಡಿತು ಎನ್ನುತ್ತಾರಲ್ಲ, ಹಾಗಾಯಿತು. ವೈರಿನ ಮೇಲೆ ಸಿಕ್ಕಿದ್ದು ತಾತನ ಕೈಗುರುತು ಒಂದೇ. ಪಕ್ಕದ ತೋಟದ ಸೊಣ್ಣಪ್ಪ, ಆಂಜಿನಪ್ಪನನ್ನು ನಸುಕಿನಲ್ಲೇ ಆ ಬಾಗಿಲ ಹತ್ತಿರ ಕಂಡೆ ಎಂದು ಹೇಳಿಕೆ ಕೊಟ್ಟ. ತಮ್ಮ ಕೊಂದ, ಅಕ್ಕ ಹೋಗಿ ಸಾಕ್ಷಿ ಒರೆಸಿದಳು ಎಂದು ಊರು ಲೆಕ್ಕ ಹಾಕಿಬಿಟ್ಟಿತು. ನ್ಯಾಯಾಲಯ ಸಂಶಯದ ಲಾಭ ಕೊಟ್ಟು ತಾತನನ್ನು ಬಿಟ್ಟಿತು, ಊರು ಬಿಡಲಿಲ್ಲ. ನಿಮ್ಮ ಈ ಹೊತ್ತಿನಲ್ಲಿ ಅವರನ್ನು ಯಾರೂ ಮೋಟಾರು ರಿಪೇರಿಗೆ ಕರೆಯುತ್ತಿಲ್ಲ, ಹಬ್ಬಕ್ಕೆ ಅರಿಸಿನ ಕುಂಕುಮಕ್ಕೆ ನಿಮ್ಮನ್ನೂ ಕರೆಯುತ್ತಿಲ್ಲ.

ಹಿಂದೆ ಎರಡು ಸಲ ಮರುನೋಟವಾಗಿತ್ತು. ಎರಡು ಸಲವೂ ಒಂದೇ ಷರಾ: ಹುಳು ಆರಿಸುವ ನೆಪದಲ್ಲಿ ಮಹಿಳೆಯೊಬ್ಬರು ಸ್ಥಳವನ್ನು ಕೆಡಿಸಿರುವುದರಿಂದ ಹೆಚ್ಚಿನ ತನಿಖೆ ಸಾಧ್ಯವಿಲ್ಲ. ಮೂರನೇ ಸಲ ಕೇಳಿಕೆ ಹಾಕಿದವಳು ನಾನು. ಈ ಸಲದ ನೋಟಗಾರ್ತಿ ಇಳೆ ಎಂಬ ಹುಡುಗಿ. ಕಡಲ ಕಡೆಯವಳು, ಹುಳು ಕಂಡರೆ ಹೆದರುತ್ತಾಳೆ. ಹುಳು ಹಣ್ಣಾಗುವುದು ಎಂದರೇನು, ಬಿಡಲು ತಡವಾದರೆ ಏನಾಗುತ್ತದೆ ಎಂದು ಅವಳಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ನೀವು ಅಟ್ಟಕ್ಕೆ ನೇತುಹಾಕಿದ ಚಂದ್ರಿಕೆಯನ್ನೇ ಹೊತ್ತುಕೊಂಡು ಹೋಗಿ ಮುಂದಿಟ್ಟೆ. ನೋಡಮ್ಮ, ಬಿದಿರಿನ ತಟ್ಟಿ, ಈ ಸುರುಳಿಯ ನಡುವೆ ಹುಳು ಕೂತು ಗೂಡು ಕಟ್ಟುತ್ತದೆ, ನಮ್ಮಜ್ಜಿ ಒರೆಸಲು ಹೋದವಳಲ್ಲ, ಈ ಕೆಲಸಕ್ಕೆ ಹೋದವಳು ಎಂದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಅದು ಸತ್ತವರ ಪಾಲಿನ ಚಂದ್ರಿಕೆ. ಮನೆಯವರು ಸತ್ತರೆ ಅವರ ಕೈಯ ಕೊನೆಯ ಬೆಳೆಯಲ್ಲಿ ಒಂದು ಪಾಲಿನ ಗೂಡನ್ನು ಚಂದ್ರಿಕೆಯಿಂದ ಬಿಡಿಸಬಾರದು ಎಂದು ನಮ್ಮ ಊರಿನ ಪದ್ಧತಿ. ಉಳಿದ ಗೂಡನ್ನೆಲ್ಲ ಮಾರಿ ನೀವು ಅವರ ತಿಥಿ ಮಾಡಿದಿರಿ, ಇದೊಂದನ್ನು ಮುಟ್ಟಲಿಲ್ಲ. ಚಿಟ್ಟೆಗಳು ತೂತು ಮಾಡಿಕೊಂಡು ಹೋದವು, ಗೂಡುಗಳು ಉಳಿದವು. ತೂತು ಗೂಡಿನ ನೂಲು ಯಾರಿಗೆ ಬೇಕು? ಅದಕ್ಕೇ ಕಳ್ಳರೂ ಮುಟ್ಟಲಿಲ್ಲ, ಅಳಿಯಂದಿರೂ ಮುಟ್ಟಲಿಲ್ಲ. ಅಂಚಿನಲ್ಲಿದ್ದ ಒಂದು ಗೂಡಿನ ಕೆಳಗೆ ಕಂದು ಕಲೆಯೊಂದಿತ್ತು. ಲಕ್ಷ್ಮೀದೇವಮ್ಮನ ಬೆರಳಿನ ರಕ್ತ ಎಂದು ನೀವು ನಂಬಿದಿರಿ, ಸೊಪ್ಪು ಹೆಚ್ಚುವ ಕಾಲದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳದವರು ಯಾರಿದ್ದರು? ನಾವೂ ಹಾಗೆಯೇ ನಂಬಿ ವರ್ಷಕ್ಕೊಮ್ಮೆ ಅದಕ್ಕೆ ಅರಿಸಿನ ಮುಟ್ಟಿಸದೆ ದೂರದಿಂದ ಕೈ ಮುಗಿಯುತ್ತಿದ್ದೆವು.

ಇಳೆ ಆ ಕಲೆಯ ಒಂದು ಚೂರನ್ನು ಕುಲಗನ್ನಡಿಯಲ್ಲಿಟ್ಟಳು. ಒಣಗಿದ ರಕ್ತ ಯಾವ ಮನೆತನದ್ದು ಎಂದು ತೋರಿಸುವ ಪೆಟ್ಟಿಗೆ ಅದು. ನಿಮ್ಮ ಕಾಲದಲ್ಲೂ ಅಂಥದ್ದಿದೆ, ಆದರೆ ಅದಕ್ಕೆ ಕಣ್ಣು ಮಂಜು. ಕಲೆ ಲಕ್ಷ್ಮೀದೇವಮ್ಮನದಲ್ಲ. ಸತ್ತ ನಾಲ್ವರಲ್ಲಿ ಯಾರದ್ದೂ ಅಲ್ಲ. ನಮ್ಮ ಮನೆಯದಂತೂ ಅಲ್ಲವೇ ಅಲ್ಲ. ಅದರೊಳಗೆ ತಾಮ್ರದ ಪುಡಿಯಿತ್ತು, ವೈರಿನ ಮೇಲಿನ ಕೆಂಪು ಪ್ಲಾಸ್ಟಿಕ್ಕಿನ ಎಳೆಯಿತ್ತು. ವೈರಿನ ಸಿಪ್ಪೆ ಸುಲಿಯುವಾಗ ಬೆರಳು ಕುಯ್ದುಕೊಂಡವನು ಸ್ಟ್ಯಾಂಡಿನ ಹಿಂದಕ್ಕೆ ಕೈ ಹಾಕಲು ಚಂದ್ರಿಕೆಯನ್ನು ಪಕ್ಕಕ್ಕೆ ಸರಿಸಿದ್ದ.

ಆಗ ನಾನು ಇಳೆಗೆ ನೆನಪಿಸಿದ್ದು ಎರಡು ಮಾತು. ಹುಳು ಬಿಡುವ ಹಿಂದಿನ ದಿನ ಚಂದ್ರಿಕೆಗಳನ್ನೆಲ್ಲ ಉಜ್ಜಿ ತೊಳೆದು, ಬಿಸಿಲಿಗೆ ಹಾಕಿ, ಸಂಜೆ ಒಳಗಿಡುತ್ತಾರೆ, ಹಾಗಾಗಿ ಕಲೆ ಅದಕ್ಕಿಂತ ಹಳೆಯದಲ್ಲ. ಹುಳು ಅದರ ಮೇಲೆ ನೂಲು ಸುತ್ತಿದೆ, ಹಾಗಾಗಿ ನೀವು ಹುಳು ಬಿಟ್ಟ ಹೊತ್ತಿಗಿಂತ ಹೊಸದೂ ಅಲ್ಲ. ನಡುವೆ ಉಳಿಯುವುದು ಆ ರಾತ್ರಿ, ಆ ನಸುಕು ಮಾತ್ರ. ಹುಡುಗಿ ಚಂದ್ರಿಕೆಯನ್ನು ಬೆಳಕಿಗೆ ತಿರುಗಿಸಿ ಆ ಗೂಡನ್ನು ನೋಡಿದಳು. ಆಮೇಲೆ ತನ್ನ ಕಡಲ ಕಡೆಯ ಮಾತಿನಲ್ಲಿ ಮೆಲ್ಲಗೆ, “ನಿಮ್ಮಜ್ಜಿ ಸಾಕ್ಷಿ ಹಾಳು ಮಾಡ್ಲಿಲ್ಲ ಮಾರಾಯ್ರೆ, ಮುಚ್ಚಳ ಹಾಕಿ ಕಾದಿಟ್ಟದ್ದು” ಎಂದಳು. ನಾನು ಆ ಕಚೇರಿಯಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತೆ, ಆಮೇಲೆ ನಕ್ಕೆ, ಆಮೇಲೆ ಎಲ್ಲರಿಗೂ ಪಾನಕ ಮಾಡಿಸಿ ಕುಡಿಸಿದೆ.

ಯಾರ ರಕ್ತ ಎಂದು ನೀವು ಇಷ್ಟು ಹೊತ್ತಿಗೆ ಊಹಿಸಿರುತ್ತೀರಿ. ಆ ಬೆಳೆಯುದ್ದಕ್ಕೂ ತಾನು ಚೌಡಪ್ಪನ ಹುಳುವಿನ ಮನೆಗೆ ಕಾಲಿಟ್ಟಿಲ್ಲ, ಹುಳುವಿಗೆ ರೋಗ ತಗಲುತ್ತದೆಂದು ಹೊರಗಿನವರನ್ನು ಬಿಡುವುದಿಲ್ಲವಲ್ಲ ಎಂದು ಪೊಲೀಸರ ಮುಂದೆ ತಾನಾಗಿ ಹೇಳಿದವನು ಸೊಣ್ಣಪ್ಪ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಜಾತಿ. ಚೌಡಪ್ಪನ ಹೊಸ ಕೊಳವೆ ಬಾವಿಗೆ ನೀರು ಬಿದ್ದ ವಾರವೇ ಅವನದು ಬತ್ತಿತ್ತು, ಅವನ ತೋಟ ಕಣ್ಣೆದುರೇ ಒಣಗುತ್ತಿತ್ತು. ಆದರೆ ನೀರಿನ ಜಗಳ ಆಗ ಯಾವ ಮನೆಯಲ್ಲಿರಲಿಲ್ಲ ಎಂದು ಯಾರೂ ಆ ಕಡೆ ನೋಡಲಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಕೆರೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ನೀರಿಗಾ?” ಎಂದು ಕೇಳುತ್ತವೆ.

ರಕ್ತವನ್ನು ತಾಳೆ ನೋಡಲು ಅವನ ವಂಶದವರ ರಕ್ತ ಬೇಕಿತ್ತು. ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಸೊಣ್ಣಪ್ಪನ ವಂಶದಲ್ಲಿ ಊರಲ್ಲಿ ಉಳಿದಿರುವವನು ತೇಜಪ್ಪ, ಕೆರೆಯ ತೂಬು ನೋಡಿಕೊಳ್ಳುವವನು, ನನ್ನ ಜೊತೆ ಶಾಲೆಗೆ ಹೋದವನು. ಅವನು ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಬೆಳಗ್ಗೆಯೇ ಬಂದು, ಅಂಗಿಯ ತೋಳು ಮಡಚಿ, ಇಳೆಯ ಮುಂದೆ ಕೈ ಚಾಚಿದ. “ತಗಳವ್ವ. ನಮ್ಮೋನೇ ಆಗಿದ್ರೆ ನಮ್ಮೋನೇ ಅಂತ ಬರೀರಿ. ಈ ಪಾಪಾನ ಇನ್ನೊಬ್ರ ಮನೆ ಮ್ಯಾಲೆ ಎಷ್ಟ್ ಕಾಲ ಹಾಕಿರಾದು” ಎಂದ. ತಾಳೆಯಾಯಿತು. ಅವನ ಮುಖ ಸಣ್ಣಗಾದದ್ದು ಕಂಡು ನಾನು ಅವನ ಕೈ ಹಿಡಿದುಕೊಂಡೆ, ಆದರೆ ಗೆಲುವು ಒಂದಿಷ್ಟೂ ಕಡಿಮೆಯಾಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ತೀರ್ಪಿನ ಸಂಜೆ ಹೆಸರು ಕೂಗು ನಡೆಯಿತು. ಕಳಂಕ ಕಳೆದವರ ಹೆಸರನ್ನು ಕೆರೆಯ ಒಂದು ಏರಿಯಿಂದ ಕೂಗುವುದು, ಆಚೆ ದಡದಲ್ಲಿ ನಿಂತ ಊರು ಅದಕ್ಕೆ ಓಗೊಡುವುದು ನಮ್ಮ ಪದ್ಧತಿ. ಕೂಗುವ ಹಕ್ಕು ನನ್ನದಿತ್ತು. ತೇಜಪ್ಪನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಮೊದಲು ಸತ್ತ ನಾಲ್ವರ ಹೆಸರು ಕೂಗಿದೆವು. ಆಮೇಲೆ ಇಬ್ಬರೂ ಸೇರಿ ಆಂಜಿನಪ್ಪ ಎಂದು ಕೂಗಿದೆವು. ತಾತನನ್ನು ಮದುವೆಗೆ ಕರೆಯದ ಮನೆಗಳ ವಂಶದವರೆಲ್ಲ ಆಚೆ ದಡದಲ್ಲಿದ್ದರು. ನೀರಿನ ಮೇಲಿಂದ ಅವರೆಲ್ಲರ ದನಿ ಬಂತು: “ನಮ್ಮೋನು.” ಕೊಕ್ಕರೆಗಳು ಎದ್ದು ಹಾರಿದವು. ಮುನಿರತ್ನಮ್ಮ ಎಂದೆವು. “ನಮ್ಮೋಳು” ಎಂದರು. ನನಗೆ ಸಾಕೆನಿಸದೆ ಇನ್ನೊಂದು ಸಲ ಕೂಗಿದೆ, ನಿಯಮ ಒಂದೇ ಸಲ. ಅವರೂ ಇನ್ನೊಂದು ಸಲ ಓಗೊಟ್ಟರು.

ಈಗ ಬೇಡಿಕೆಯ ಮಾತು. ಇದನ್ನು ಓದಿ ಸೊಣ್ಣಪ್ಪನ ಜುಟ್ಟು ಹಿಡಿಯಲು ಹೋಗಬೇಡಿ. ನಿಮ್ಮ ಮಾತನ್ನು ನಂಬಿಸುವ ಪೆಟ್ಟಿಗೆ ಇನ್ನೂ ಹುಟ್ಟಿಲ್ಲ, ಅವನು ನಗುತ್ತಾನೆ, ನಿಮಗೆ ಇನ್ನೊಂದು ಕೇಸಾಗುತ್ತದೆ. ಅವನು ಹಾಸಿಗೆಯಲ್ಲೇ ಸಾಯುತ್ತಾನೆ, ಅದನ್ನು ನಾನು ತಪ್ಪಿಸಲಾರೆ, ಕ್ಷಮಿಸಿ. ನೀವು ಮಾಡಬೇಕಾದ್ದು ಬೇರೆ. ನಮ್ಮ ಮನೆಯಲ್ಲಿ ಒಂದು ಕತೆಯಿದೆ. ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬೀದಿಯಲ್ಲಿ ಯಾರೋ ಕೊಲೆಗಾರನ ಅಕ್ಕ ಎಂದರು. ನೀವು ಮನೆಗೆ ಬಂದು ಆ ಚಂದ್ರಿಕೆಯನ್ನು ಅಟ್ಟದಿಂದ ಕೆಳಗಿಳಿಸಿ, ಹಿತ್ತಲಿಗೆ ಒಯ್ದು, ಒಣ ಕಡ್ಡಿಯ ಮೇಲಿಟ್ಟು ಬೆಂಕಿಪೊಟ್ಟಣ ತೆಗೆದಿರಿ. ಕಡ್ಡಿ ಗೀರಿದವರು ಹಾಗೆಯೇ ನಿಂತಿರಿ. ಉರಿ ಬೆರಳಿಗೆ ಬಂತು, ಕಡ್ಡಿ ಎಸೆದು, ಚಂದ್ರಿಕೆಯನ್ನು ಮತ್ತೆ ಅಟ್ಟಕ್ಕೆ ಕಟ್ಟಿದಿರಿ. ಯಾಕಮ್ಮ ಎಂದು ಮಗಳು ಕೇಳಿದ್ದಕ್ಕೆ, “ಯಾರೋ ಬ್ಯಾಡ ಅಂದಂಗಾಯ್ತು ಕಣೆ” ಎಂದಿರಂತೆ.

ನಾಳೆ ಬೆಳಗ್ಗೆ ಆ ಹಿತ್ತಲಿಗೆ ಹೋಗಿ ಈ ಓಲೆಯನ್ನು ಓದುತ್ತೇನೆ, ನೀವು ಕೇಳಿದ ದನಿ ಅದೇ ಇರಬೇಕು. ಗಂಟಲು ದೊಡ್ಡದಿದೆ, ಚಿಂತೆ ಬೇಡ. ಬ್ಯಾಡ ಅಜ್ಜಿ, ಸುಡಬ್ಯಾಡಿ. ಕಡ್ಡಿ ಎಸೆದು ಒಳಗೆ ಹೋಗಿ. ಆಂಜಿನಪ್ಪ ತಾತ ಬಾಗಿಲ ಹಿಂದೆ ಗೋಡೆ ನೋಡುತ್ತಾ ಕೂತಿರುತ್ತಾರೆ. ಅವರಿಗೆ ಬೇರೇನೂ ಹೇಳಬೇಡಿ, ತಟ್ಟೆಗೆ ಬಿಸಿ ಮುದ್ದೆ ಇಟ್ಟು, ಕೆರೆಯಾಚೆಯಿಂದ ಊರು ನಿನ್ನನ್ನು ನಮ್ಮೋನು ಅಂತು ಕಣೋ ಎಂದು ಹೇಳಿ, ಉಣ್ಣುವವರೆಗೂ ಪಕ್ಕದಲ್ಲಿ ಕೂತಿರಿ.

ಇಂತಿ ನಿಮ್ಮ,
ಮುನಿಹೊನ್ನಿ