ಕೊನೆಯ ಹಾಳೆ ಕಿತ್ತವರಿಗೆ

ಮಾನ್ಯ ಪುಸ್ತಕ ಆಯ್ಕೆ ಅಧಿಕಾರಿಗಳೇ,

ವಡಾಲದ ನಮ್ಮ ವಾಚನಾಲಯದ ಕನ್ನಡ ಪುಸ್ತಕಗಳಿಗೆ ತಾವು ಹೊಸ ರಟ್ಟು ಹಾಕಿಸಿದಿರಿ, ಸಂತೋಷ. ಆದರೆ ಪ್ರತಿ ಪುಸ್ತಕದ ಕೊನೆಯ ಹಾಳೆಯನ್ನು ಕಿತ್ತು ಹಾಕಿಸಿದ್ದೇಕೆ? ಅಲ್ಲಿ ಯಾರೋ ಪೆನ್ಸಿಲಿನಿಂದ ಗೀಚಿದ್ದರಂತೆ. ಆ ಗೀಚು ಏನೆಂದು ಒಬ್ಬರಿಂದಲಾದರೂ ಓದಿಸಿ ಕೇಳಿದಿರಾ?

ನಮ್ಮಲ್ಲೊಂದು ಪದ್ಧತಿ ಇತ್ತು. ಪುಸ್ತಕ ಮುಗಿಸಿದವರು ಕೊನೆಯ ಖಾಲಿ ಹಾಳೆಯಲ್ಲಿ ಮುಂದಿನವರಿಗೆ ಎರಡು ಮಾತು ಬರೆದಿಡುವುದು. ನಾನು ಬಂದರಿನ ಗೋದಾಮಿನಲ್ಲಿ ತೂಕದ ಗುಮಾಸ್ತ. ಬಾಡಿಗೆಯ ಒಂದೇ ಖೋಲಿಯಲ್ಲಿ ಏಳು ಜನ ಇದ್ದೇವೆ, ಓದಿದ್ದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲ. ಹೀಗಿರುವಾಗ ಒಂದು ಭಾನುವಾರ ದುಂಡನೆಯ ಅಕ್ಷರ ಕಂಡಿತು: "ಪತ್ತೇದಾರಿ ಸಾಕು ಮಾರಾಯ್ರೇ. ಕಪಾಟಿನ ಮೇಲಿನ ಸಾಲಿನ ನಾಟಕ ಓದಿ ನೋಡಿ." ಓದಿದೆ, ಕೆಳಗೆ ಉತ್ತರ ಬರೆದೆ. ಎರಡು ವರ್ಷ ಹೀಗೇ ನಡೆಯಿತು. ಅವರು ವಾರದ ದಿನ ಬಂದು ಅಲ್ಲೇ ಕುಳಿತು ಓದುವವರಿರಬೇಕು, ರಿಜಿಸ್ಟರಿನಲ್ಲಿ ಹೆಸರಿಲ್ಲ. ಗಂಡಸೋ ಹೆಂಗಸೋ ನನಗೆ ಇಂದಿಗೂ ತಿಳಿಯದು. ಹೋದ ತಿಂಗಳು ಧೈರ್ಯ ಮಾಡಿ ನನ್ನ ಹೆಸರು ಬರೆದು, ನಿಮ್ಮದೇನು ಎಂದು ಕೇಳಿದೆ. ಮುಂದಿನ ಭಾನುವಾರ ಹೋದರೆ ಪುಸ್ತಕ ಬೈಂಡಿಂಗ್‌ಗೆ ಹೋಗಿತ್ತು.

"ಸಾಹೇಬ್ರ ಆರ್ಡರ್ ಅದ ಅಣ್ಣಾ," ಎಂದ ಜವಾನ ಚಂದ್ರಾಮ. "ಹೊಲಸ್ ಹಾಳಿ ಎಲ್ಲಾ ತಗೀ ಅಂದ್ರು, ತಗದ್ವಿ."

"ನನ್ನ ಹೆಸರಿನ ಕೆಳಗ ಯಾರರೆ ಏನರೆ ಬರದಿದ್ರೇನು?"

"ನನಗೆಲ್ಲಿ ಓದಾಕ ಬರ್ತದ?"

ಉತ್ತರ ಬಂದಿತ್ತೋ ಇಲ್ಲವೋ, ಅಷ್ಟೂ ಗೊತ್ತಾಗದಂತೆ ಮಾಡಿದಿರಲ್ಲ, ಇದಕ್ಕೆ ಏನೆನ್ನಲಿ? ಪುಸ್ತಕ ಈಗ ಬಹಳ ಸ್ವಚ್ಛವಾಗಿದೆ. ಅದನ್ನು ಮುಟ್ಟಲು ನನಗೆ ಮನಸ್ಸಾಗುತ್ತಿಲ್ಲ.

ಹೊಸ ಪುಸ್ತಕಗಳನ್ನು ಸೂಚಿಸಿ ಎಂದು ತಾವೇ ಬೋರ್ಡು ಹಾಕಿದ್ದೀರಿ. ಸೂಚಿಸುತ್ತೇನೆ. ಹಡಗಿನಲ್ಲಿ ದೇಶ ಸುತ್ತಿದವರ ಪ್ರವಾಸಕಥೆ ಒಂದು ಬೇಕು. ದಿನಾ ಹಡಗು ನೋಡುತ್ತೇನೆ, ಹತ್ತಿದ್ದಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಓದಲು ದಪ್ಪವಿಲ್ಲದ ಪತ್ತೇದಾರಿ ಇರಲಿ. ಚಂದ್ರನ ಮೇಲೆ ಮನುಷ್ಯ ನಡೆದು ನಾಲ್ಕು ವರ್ಷವಾಯಿತು; ನಮ್ಮ ಖಗೋಳದ ಪುಸ್ತಕ ಅದು ಅಸಾಧ್ಯವೆಂದು ಇನ್ನೂ ವಾದಿಸುತ್ತಿದೆ, ಬದಲಿಸಿ. ಹೊಸ ನಾಟಕ, ಕವಿತೆಗಳು ಬರಲಿ, ಅರ್ಥವಾಗದಿದ್ದರೂ ಅಡ್ಡಿಯಿಲ್ಲ. ಅಡುಗೆ ಪುಸ್ತಕವೂ ಬೇಕು. ನಾವು ಉಣ್ಣುವ ಭಟ್ಟರ ಖಾನಾವಳಿಯ ಸಾರು ಕುಡಿದವರು ಯಾರೂ ಇದಕ್ಕೆ ನಗುವುದಿಲ್ಲ. ಚಾರಿತ್ರ್ಯ ನಿರ್ಮಾಣದ ಪುಸ್ತಕ ಮಾತ್ರ ಇನ್ನು ಸಾಕು. ಒಂದೇ ಖೋಲಿಯಲ್ಲಿ ಏಳು ಜನ ಇರುವವರಿಗೆ ಚಾರಿತ್ರ್ಯ ಕೆಡಿಸಿಕೊಳ್ಳಲು ಜಾಗವಾದರೂ ಎಲ್ಲಿದೆ?

ಇವುಗಳಲ್ಲಿ ಅರ್ಧ ನನ್ನ ಆಯ್ಕೆಯಲ್ಲ. ಕವಿತೆ, ನಾಟಕ, ಅಡುಗೆ ಎಲ್ಲ ಆ ದುಂಡನೆಯ ಅಕ್ಷರದವರು ಕಲಿಸಿದ ರುಚಿ. ಆದ್ದರಿಂದ ಪುಸ್ತಕ ತರಿಸಿ, ಕೊನೆಯ ಹಾಳೆಯನ್ನು ಇದ್ದಂತೆ ಬಿಡಿ. ಕಿತ್ತ ಹಾಳೆಗಳು ಬೈಂಡರನ ರದ್ದಿ ಚೀಲದಲ್ಲಿ ಇನ್ನೂ ಇದ್ದರೆ ಒಂದು ಭಾನುವಾರ ನನಗೆ ಹುಡುಕಲು ಬಿಡಿ.

ಅದೂ ಆಗದಿದ್ದರೆ ಚಿಂತೆಯಿಲ್ಲ. ತಮ್ಮ ಹೆಸರಿಗೆ ಬರೆದ ಈ ಪತ್ರವನ್ನು ಪತ್ರಿಕೆಗೆ ಕಳಿಸಿದ್ದು ಆ ಇನ್ನೊಬ್ಬರು ಓದಲೆಂದೇ. ನಾನು ಭಾನುವಾರ ಹತ್ತು ಗಂಟೆಗೆ ವಾಚನಾಲಯದ ಕಿಟಕಿ ಪಕ್ಕದ ಬೆಂಚಿನಲ್ಲಿ ಇರುತ್ತೇನೆ.

ಇಂತಿ,
ಕೊನೆಯ ಹಾಳೆಯಲ್ಲಿ ಹೆಸರು ಬರೆದು ಕಳೆದುಕೊಂಡ
ಸಿದ್ದರಾಮಪ್ಪ