ನೀನು ಕೊಳ್ಳದೆ ಬಿಟ್ಟ ಟಿಕೆಟ್ಟು

ಇವಳೇ,

ಇವತ್ತು ಬೆಳಿಗ್ಗೆ ನಿನಗೊಂದು ಫೋನ್ ಬಂದಿತ್ತು. ನೀನು ಹೋಗಿ ಮೂರು ವರ್ಷವಾದ ಮೇಲೆ ನಿನ್ನನ್ನು ಕೇಳಿಕೊಂಡು ಬಂದ ಮೊದಲ ಫೋನ್ ಅದು.

"ಮೇಡಂಗೆ ಲಾಟರಿಲಿ ಇಪ್ಪತ್ತೈದು ಲಕ್ಷ ಬಂದಿದೆ ಸರ್. ಪ್ರೊಸೆಸಿಂಗ್ ಫೀ ಎಂಟು ಸಾವಿರ ಮೊದಲು ಕಟ್ಟಿಬಿಡಿ."

ಬಹುಮಾನ ಕೊಡುವವನೇ ಮುಂಚಿತವಾಗಿ ದುಡ್ಡು ಕೇಳಿದರೆ ಅದು ಟೋಪಿ ಹಾಕುವ ಕೆಲಸ. ಅಷ್ಟು ನನಗೆ ಗೊತ್ತು. ಆದರೂ ಫೋನ್ ಇಡಲಿಲ್ಲ, ನೀನಿಲ್ಲವೆಂದೂ ಹೇಳಲಿಲ್ಲ.

"ಅವಳು ಟಿಕೆಟ್ ತಗೊಳ್ಳೋದು ಬಿಟ್ಟು ಮೂವತ್ತು ವರ್ಷ ಆಯ್ತಲ್ಲಪ್ಪಾ," ಎಂದೆ.

ಮದುವೆಯಾದ ಹೊಸತರಲ್ಲಿ ವಾರಕ್ಕೊಂದು ಕೊಳ್ಳುತ್ತಿದ್ದೆ ನೀನು. ನಾನು ಕಾಲೇಜಿನಲ್ಲಿ ಅರ್ಧಂಬರ್ಧ ಕಲಿತ ಪ್ರಾಬಬಿಲಿಟಿಯನ್ನೆಲ್ಲ ನಿನ್ನ ಮುಂದೆ ಸುರಿಯುತ್ತಿದ್ದೆ. "ಕೋಟಿಗೆ ಒಂದು ಕಣೇ! ನೆಗ್ಲಿಜಿಬಲ್, ಮೈ ಡಿಯರ್, ನೆಗ್ಲಿಜಿಬಲ್!" ಅದರ ಸ್ಪೆಲಿಂಗ್ ಈಗ ಮರೆತಿದೆ.

"ಗೊತ್ತು ಕಣ್ರೀ. ಡ್ರಾ ಆಗೋವರೆಗೂ ಹೊಲೀತಾ ಹೊಲೀತಾ ಮನಸ್ಸಲ್ಲೇ ಒಂದು ಮನೆ ಕಟ್ತೀನಿ, ಅಷ್ಟೆ. ನಿಮಗೂ ಒಂದು ರೂಮಿದೆ, ಹೆದರಬೇಡಿ," ಎನ್ನುತ್ತಿದ್ದೆ.

ಒಂದು ದಿನ ನನ್ನ ತಂಗಿಯ ಮುಂದೆ "ಬಂದಳು ನೋಡು ಕೋಟ್ಯಧೀಶ್ವರಿ" ಎಂದು ನಾನು ನಿನ್ನನ್ನು ಗೇಲಿ ಮಾಡಿದೆ. ಮುಂದಿನ ವಾರದಿಂದ ನೀನು ಕೊಳ್ಳಲಿಲ್ಲ. ನನ್ನ ಲೆಕ್ಕವೇನೋ ಸರಿಯಾಗಿಯೇ ಇತ್ತು. ಈಗಲೂ ಸರಿ.

ಫೋನಿನವನು ಬಿಡಲಿಲ್ಲ. "ನಿಮಗೆ ಹೇಳದೆ ತಗೊಂಡಿರಬಹುದಲ್ವಾ ಸರ್?"

ಫೋನ್ ಇಟ್ಟೆ. ದುಡ್ಡು ಕಟ್ಟಲಿಲ್ಲ, ಗಾಬರಿಯಾಗಬೇಡ. ಆದರೆ ಮಧ್ಯಾಹ್ನದವರೆಗೂ ನಿನ್ನ ಹೊಲಿಗೆ ಯಂತ್ರದ ಡ್ರಾಯರು, ಗುಂಡಿಗಳ ಡಬ್ಬಿ, ಬಟ್ಟೆಯ ಮಡಿಕೆಗಳನ್ನೆಲ್ಲ ಹುಡುಕಿದೆ. ನನಗೆ ಹೇಳದೆ ಕೊಂಡ ಒಂದೇ ಒಂದು ಟಿಕೆಟ್ಟಾದರೂ ಸಿಗಲಿ ಎಂದು.

ಸಿಗಲಿಲ್ಲ. ನನ್ನ ಯಾವ ಮಾತನ್ನೂ ಒಂದೇ ಸಲಕ್ಕೆ ಕೇಳದವಳು, ಇದೊಂದನ್ನು ಯಾಕೆ ಕೇಳಿದೆ?